ದಫ್ತರದಲ್ಲಿ ನಮ್ಮ ಹೊಲ-ಮನೆ
ಪಹಣಿ ಮತ್ತು ಮನೆಪಟ್ಟಿಯ ಕಛೇರಿ ಹೇಗೆ ನಡೆಯತಕ್ಕದ್ದು?

ಮುಂಗಾರಿಗೆ ಮುಂಚೆ ಒಕ್ಕಲಿಗನು ತನ್ನ ಹೊಲದ ಬದುವನ್ನು ಒಮ್ಮೆ ಸುತ್ತಿ ನೋಡುತ್ತಾನೆ. ಎಲ್ಲಿ ಒಡೆದಿದೆ, ಯಾರು ಒತ್ತಿದ್ದಾರೆ, ಗಡಿಕಲ್ಲು ಇದ್ದಲ್ಲಿಯೇ ಇದೆಯೋ ಇಲ್ಲವೋ ಎಂದು ವಿಚಾರಿಸುತ್ತಾನೆ. ಆದರೆ ಅದೇ ಹೊಲವು ಕಾಗದದ ಮೇಲೆ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹತ್ತು ವರ್ಷಕ್ಕೊಮ್ಮೆ ನೋಡುವವರೂ ನಮ್ಮಲ್ಲಿ ವಿರಳ. "ಹೊಲ ನಮ್ದೇ ಅದ, ಹೆಸರು ಎಲ್ಲಿಗಿ ಹೋಗ್ತದ?" ಎಂಬ ಮಾತನ್ನು ನಾವು ಜಹೀರಾಬಾದಿನ ಸಂತೆಯಲ್ಲಿಯೂ ಕೇಳಿದ್ದೇವೆ, ತಾಂಡೂರಿನ ತೊಗರಿ ಪೇಟೆಯಲ್ಲಿಯೂ ಕೇಳಿದ್ದೇವೆ.

ಹೆಸರು ಹೋಗುತ್ತದೆ. ಹೋದದ್ದು ತಿಳಿಯುವುದು ಮಾತ್ರ ಹಣ ಬರುವ ದಿನ. 2018ರ ಮೇ ತಿಂಗಳಲ್ಲಿ ತೆಲಂಗಾಣ ಸರಕಾರವು ರೈತಬಂಧು ಎಂಬ ಹೆಸರಿನಿಂದ ಎಕರೆಗೆ ಹಂಗಾಮಿಗೆ 4,000 ರೂಪಾಯಿ ಕೊಡತೊಡಗಿದಾಗ ಆ ಹಣ ಉಳುವ ಕೈಯನ್ನು ನೋಡಿ ಬರಲಿಲ್ಲ, ಪಟ್ಟಾದಾರ ಪಾಸುಬುಕ್ಕಿನ ಹೆಸರನ್ನು ನೋಡಿ ಬಂತು. ಅದೇ ವರ್ಷದ ಆಗಸ್ಟ್ 15ರಿಂದ ನಡೆಯತೊಡಗಿದ ರೈತಬಿಮೆಯಲ್ಲಿ 18ರಿಂದ 59 ವಯಸ್ಸಿನ ಪಟ್ಟಾದಾರನು ತೀರಿಕೊಂಡರೆ ಮನೆಯವರಿಗೆ 5 ಲಕ್ಷ ರೂಪಾಯಿ ಬರಬೇಕು. ತಂದೆ ಸತ್ತು ಇಪ್ಪತ್ತು ವರ್ಷವಾದರೂ ಪಟ್ಟಾ ತಂದೆಯ ಹೆಸರಿನಲ್ಲಿಯೇ ಇದ್ದು, ಉಳುತ್ತಿದ್ದ ಮಗನೂ ಅಕಾಲದಲ್ಲಿ ತೀರಿದರೆ ಆ ಮನೆಗೆ ಬಿಮೆ ಎಲ್ಲಿಂದ ಬಂದೀತು? ನ್ಯಾಲಕಲ್, ಝರಾಸಂಗಂ ಮಂಡಲಗಳ ಹಳ್ಳಿಗಳವರಿಗೆ ಈ ಪಾಠ ಇನ್ನೂ ಹತ್ತಿರದ್ದು. ಅಲ್ಲಿ ಕೈಗಾರಿಕಾ ವಲಯಕ್ಕೆಂದು 12,000 ಎಕರೆಗೂ ಮೇಲ್ಪಟ್ಟ ಭೂಮಿಯನ್ನು ಗುರುತಿಸಲಾಗಿದೆ. ಅದರ ಮೊದಲ ಹಂತದ 3,245 ಎಕರೆಯ ಯೋಜನೆಗೆ ಕೇಂದ್ರ ಸರಕಾರವು 2024ರ ಆಗಸ್ಟಿನಲ್ಲಿ ಮಂಜೂರಿ ಕೊಟ್ಟಿತು. ಭೂಮಿ ಕೊಡುವುದೋ ಬಿಡುವುದೋ ಎಂಬ ಚರ್ಚೆ ಬೇರೆ. ಪರಿಹಾರದ ಮಾತು ಬಂದಾಗ ಅಧಿಕಾರಿಯು ಮೊದಲು ತೆರೆಯುವುದು ಪಹಣಿಯನ್ನು, ಮನೆ ಇದ್ದರೆ ಪಂಚಾಯಿತಿಯ ಮನೆಪಟ್ಟಿಯ ಪುಸ್ತಕವನ್ನು.

ಆದ್ದರಿಂದ ಈ ವಾರ ಬೀಜ-ಗೊಬ್ಬರದ ವಿಚಾರವನ್ನು ಬದಿಗಿಟ್ಟು, ಹೊಲ-ಮನೆಗಳನ್ನು ಬರೆದಿಡುವ, ಅಳೆದು ಬೆಲೆ ಕಟ್ಟುವ ಕಛೇರಿಯ ಬಗ್ಗೆ ನಾಲ್ಕು ಮಾತು ಬರೆಯುತ್ತೇವೆ.

ನಮ್ಮ ದಫ್ತರ ಎಲ್ಲಿಂದ ಬಂತು?

1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಗೆ. ರಾಜ್ಯ ಪುನರ್ವಿಂಗಡಣೆಯಾದಾಗ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ ಹಾಗೂ ತಾಂಡೂರು ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ಈಗ ಮೊದಲಿನೆರಡು ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಜನರು ಇದ್ದಲ್ಲಿಯೇ ಇದ್ದರು, ಜಿಲ್ಲೆ ಮಾತ್ರ ಬದಲಾಯಿತು. ಜಿಲ್ಲೆಯ ಜೊತೆಗೆ ದಫ್ತರದ ಭಾಷೆಯೂ ಬದಲಾಯಿತು. ನಿಜಾಮನ ಕಾಲದ ಬರಹ ಹೆಚ್ಚಾಗಿ ಉರ್ದುವಿನಲ್ಲಿ, ಬಳಿಕದ್ದು ತೆಲುಗಿನಲ್ಲಿ. ಮನೆಯಲ್ಲಿ ಆಡುವುದು ಕನ್ನಡ. ಮೂರು ಭಾಷೆಗಳ ನಡುವೆ ಒಂದು ಹೆಸರು ಹಾದು ಬರುವಾಗ ಏನೇನಾಗಬಹುದೆಂಬುದನ್ನು ಮುಂದೆ ನೋಡೋಣ.

ಜಮೀನಿನ ಕರ ಕಟ್ಟುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮೊದಲನೆಯ ಸಾಲಾರಜಂಗರು 1865ರಲ್ಲಿ ಜಿಲ್ಲಾಬಂದಿ ಮಾಡಿ, ಬಳಿಕ ಮುಂಬಯಿ ಇಲಾಖೆಯ ಮಾದರಿಯಲ್ಲಿ ಸರ್ವೇ ಖಾತೆಯನ್ನು ನಿರ್ಮಿಸಿದರು. ಮುಂಬಯಿ ಮಾದರಿಯೆಂದರೆ ಧಾರವಾಡ, ಬೆಳಗಾವಿ, ವಿಜಾಪುರದವರು ಕಂಡದ್ದೇ. ಹೊಲದಲ್ಲಿ ಗುಂಡಿ ತೋಡಿ ಮಣ್ಣಿನ ಆಳ ನೋಡುವುದು, ಬಣ್ಣ ನೋಡುವುದು, ಸುಣ್ಣದ ಹರಳು, ಕಲ್ಲು, ಇಳಿಜಾರು, ನೀರು ನಿಲ್ಲುವ ದೋಷ ಇವುಗಳಿಗೆ ಕಡಿತ ಹಾಕುವುದು, ಕೊನೆಗೆ ಆಣೆಯ ಲೆಕ್ಕದಲ್ಲಿ ತರಗತಿ ಕಟ್ಟುವುದು. ಒಂಬತ್ತು ತರಗತಿಗಳು, ಮೇಲಿನದು 16 ಆಣೆ, ಕೆಳಗಿನದು 2 ಆಣೆ. ಎರೆಭೂಮಿಯ ಆಳವಾದ ಹೊಲಕ್ಕೂ ಮೊರಡಿಯ ಮೇಲಿನ ಮಸಬು ನೆಲಕ್ಕೂ ಒಂದೇ ಆಕಾರ ಬೀಳಬಾರದೆಂಬುದೇ ಇದರ ತಾತ್ಪರ್ಯ. ಇಂದಿನ ಯಂತ್ರಗಳಿಲ್ಲದ ಕಾಲದಲ್ಲಿ ಗುದ್ದಲಿ ಮತ್ತು ಸರಪಳಿ ಹಿಡಿದು ಇಷ್ಟು ಸೂಕ್ಷ್ಮವಾಗಿ ಕೆಲಸ ಮಾಡಿದವರನ್ನು ನಾವು ಮೆಚ್ಚಲೇಬೇಕು.

ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ರಾಜ್ಯದಲ್ಲಿ 1954-55ರ ಖಾಸ್ರಾ ಪಹಣಿ ತಯಾರಾಯಿತು. ಯಾವ ಸರ್ವೇ ನಂಬರು, ಪಟ್ಟಾದಾರ ಯಾರು, ಕಬ್ಜೆಯಲ್ಲಿ ಯಾರು ಎಂಬುದನ್ನು ಅದರಲ್ಲಿ ಬರೆದರು. ಅದರ ಬೆನ್ನಿಗೆ 1955-58ರ ಚೇಸಾಲಾ ಪಹಣಿ ಬಂತು. ಇಂದಿಗೂ ಭೂಮಿಯ ತಂಟೆ ಹಿಡಿದು ವಕೀಲರ ಹತ್ತಿರ ಹೋದರೆ ಅವರು ಮೊದಲು ಕೇಳುವುದು "ಖಾಸ್ರಾದಲ್ಲಿ ಏನಿದೆ?" ಎಂದೇ. ಹಳೆಯ ಕಾಗದಗಳಲ್ಲಿ ಇಸವಿಯ ಬದಲು ಫಸಲಿ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಕ್ಕುತ್ತದೆ. 1364 ಫಸಲಿ ಎಂದರೆ 1954-55. ಇಷ್ಟು ಗಣಿತ ತಿಳಿದಿದ್ದರೆ ಅಜ್ಜನ ಪೆಟ್ಟಿಗೆಯೊಳಗಿನ ಅರ್ಧ ಕಾಗದಗಳು ತಾವಾಗಿಯೇ ಮಾತನಾಡುತ್ತವೆ.

ಆ ಕಾಲದ ಪದ್ಧತಿಯಲ್ಲಿ ಒಂದು ಒಳ್ಳೆಯದಿತ್ತು, ಒಂದು ಕೆಟ್ಟದ್ದಿತ್ತು. ಒಳ್ಳೆಯದೆಂದರೆ ವರ್ಷವರ್ಷವೂ ನಡೆಯಬೇಕಾದ ತನಿಖೆ. ಪಟವಾರಿಯು ಹೊಲಕ್ಕೆ ಹೋಗಿ ಬೆಳೆ ಮತ್ತು ಕಬ್ಜೆ ಬರೆಯಬೇಕು, ಗಿರದಾವರನು ಅದರಲ್ಲಿ ಕೆಲವನ್ನು ಪರೀಕ್ಷಿಸಬೇಕು, ಜಮಾಬಂದಿಯಲ್ಲಿ ಮೇಲಿನವರು ಲೆಕ್ಕವನ್ನು ಒಪ್ಪಬೇಕು. ಕೆಟ್ಟದ್ದೆಂದರೆ, ಪುಸ್ತಕವೆಲ್ಲ ವಂಶಪಾರಂಪರ್ಯದ ಪಟವಾರಿಯ ಮನೆಯಲ್ಲಿ. ಅವನು ಹೊಲಕ್ಕೆ ಹೋದರೂ ಬರೆದಂತೆ, ಹೋಗದಿದ್ದರೂ ಬರೆದಂತೆ. ಓದು ಬಾರದ ರೈತನು ಒಂದು ನಕಲಿಗಾಗಿ ಅವನ ಪಡಸಾಲೆಯಲ್ಲಿ ಎಷ್ಟು ಸಲ ಕುಳಿತು ಎದ್ದನೋ ಅದಕ್ಕೆ ಲೆಕ್ಕವಿಲ್ಲ. 1984ರಲ್ಲಿ ಎನ್. ಟಿ. ರಾಮರಾವ್ ಅವರ ಸರಕಾರ ಪಟೇಲ-ಪಟವಾರಿ ಪದ್ಧತಿಯನ್ನು ತೆಗೆದುಹಾಕಿದಾಗ ಹಳ್ಳಿಗಳಲ್ಲಿ ಅಳುವವರು ಹೆಚ್ಚಿರಲಿಲ್ಲ. ಮರುವರ್ಷ ತಾಲೂಕು ಹೋಗಿ ಮಂಡಲ ಬಂತು. ಕಛೇರಿ ಊರಿಗೆ ಹತ್ತಿರವಾಯಿತು.

ಕಂಪ್ಯೂಟರು ಬಂದ ಮೇಲೆ

ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಯೋಗವನ್ನು ಭಾರತ ಸರಕಾರವು 1988-89ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಶುರು ಮಾಡಿತು. ಆ ಎಂಟರಲ್ಲಿ ಒಂದು ರಂಗಾರೆಡ್ಡಿ ಜಿಲ್ಲೆ. ಆಗ ತಾಂಡೂರು ಇದ್ದದ್ದು ಅದೇ ಜಿಲ್ಲೆಯಲ್ಲಿ ಎಂಬುದು ಬಹಳ ಜನರಿಗೆ ತಿಳಿಯದು. ಗಡಿಯ ಆಚೆ ಗುಲಬರ್ಗಾದಲ್ಲಿ ಅದೇ ಪ್ರಯೋಗ 1991ರಲ್ಲಿ ನಡೆಯಿತು. ಹೀಗೆ ಆರಂಭದ ಮಟ್ಟಿಗೆ ನಾವು ಹಿಂದೆ ಬಿದ್ದವರಲ್ಲ.

ಮುಂದೆ ದಾರಿ ಬೇರೆಬೇರೆಯಾಯಿತು. ಕರ್ನಾಟಕದಲ್ಲಿ 2000ದ ಹೊತ್ತಿಗೆ 'ಭೂಮಿ' ಯೋಜನೆ ರೂಪುಗೊಂಡಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಆಗಿನ 177 ತಾಲೂಕು ಕಛೇರಿಗಳಲ್ಲಿ ಕಂಪ್ಯೂಟರಿಗೆ ಏರಿದವು. ಅಲ್ಲಿಯವರೆಗೆ ಆ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಗಣಕ ಕೊಂಡದ್ದು ದೊಡ್ಡ ಮಾತಲ್ಲ. ಯಾವ ಸರಕಾರವೂ ಕೊಳ್ಳಬಹುದು. ನಮಗೆ ಮುಖ್ಯವೆಂದು ತೋರುವವು ಅದರ ಸುತ್ತಲಿನ ಸಣ್ಣ ನೇಮಗಳು. ಗಿಡಕಿಯ ಮುಂದೆ ನಿಂತ ರೈತನ ಕಡೆಗೆ ಮುಖ ಮಾಡಿ ಇನ್ನೊಂದು ಪರದೆ ಇಟ್ಟರು. ಒಳಗಿನವನು ಕಂಡದ್ದನ್ನು ಹೊರಗಿನವನೂ ಕಾಣುವಂತಾಯಿತು. 15 ರೂಪಾಯಿಗೆ ಯಾರ ಪಹಣಿ ಬೇಕಾದರೂ ಯಾರಿಗೆ ಬೇಕಾದರೂ ಕೊಟ್ಟರು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದನ್ನು ಮೊದಲು ನೋಡಲೇಬೇಕು, ನಡುವಿನದನ್ನು ಎತ್ತಿ ಮುಂದೆ ಹಾಕುವಂತಿಲ್ಲ ಎಂದು ಕಟ್ಟು ಮಾಡಿದರು. ತಿದ್ದುವ ಅಧಿಕಾರಿ ಬೆರಳೊತ್ತಿಯೇ ಒಳಹೊಗಬೇಕು, ಆದ್ದರಿಂದ "ಯಾರು ತಿದ್ದಿದರೋ ಗೊತ್ತಿಲ್ಲ" ಎಂಬ ಮಾತಿಗೆ ಆಸ್ಪದ ಕಡಿಮೆಯಾಯಿತು. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲವೆಂದು ಸಾರಿದರು.

ಇಷ್ಟರಿಂದ ಎಲ್ಲ ಸರಿಹೋಯಿತೇ? ಇಲ್ಲ. ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೊಸ ಯಂತ್ರದಲ್ಲಿ ಅಚ್ಚಾಗಿ ಹೊರಬಂತು, ಅಷ್ಟೇ. ಕಂಪ್ಯೂಟರು ನಕಲು ಮಾಡುವುದರಲ್ಲಿ ಜಾಣ; ಹೊಲಕ್ಕೆ ಹೋಗಿ ನೋಡಿಬರುವುದು ಅದರ ಕೈಲಾಗದು. ಅದಕ್ಕಾಗಿಯೇ ಅಲ್ಲಿ ಮುಂದೆ, ಸರ್ವೇ ನಂಬರಿನ ಒಂದು ಭಾಗವನ್ನು ಮಾರುವವನು ಅಳತೆಯ 11ಇ ನಕ್ಷೆ ಮಾಡಿಸದೆ ಮಾರುವಂತಿಲ್ಲ ಎಂಬ ನೇಮ ಬಂತು.

ನಮ್ಮ ಕಡೆ ನಡೆದದ್ದನ್ನು ವಾಚಕರೆಲ್ಲ ಅನುಭವಿಸಿಯೇ ಬಲ್ಲರು. 2017ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಭೂದಾಖಲೆಗಳ ಶುದ್ಧೀಕರಣ ನಡೆಯಿತು. ತಕರಾರಿಲ್ಲದ ಭೂಮಿ ಒಂದು ಭಾಗ, ತಕರಾರಿನದು 'ಪಾರ್ಟ್ ಬಿ'. ರಾಜ್ಯದ ಭೂಮಿಯನ್ನೆಲ್ಲ ಮೂರೂವರೆ ತಿಂಗಳಲ್ಲಿ ಶುದ್ಧ ಮಾಡುವುದೆಂದರೆ ಕಣದ ರಾಶಿಯನ್ನು ಒಂದೇ ಗಾಳಿಗೆ ತೂರಿದಂತೆ; ಕಾಳಿನ ಜೊತೆ ಹೊಟ್ಟೂ ಬಿತ್ತು, ಹೊಟ್ಟಿನ ಜೊತೆ ಕಾಳೂ ಹಾರಿತು. 2020ರ ಅಕ್ಟೋಬರ್ 29ರಂದು 'ಧರಣಿ' ಪೋರ್ಟಲು ಬಂತು. ಅದೇ ವರ್ಷ ಗ್ರಾಮ ರೆವೆನ್ಯೂ ಅಧಿಕಾರಿಯ ಹುದ್ದೆಯನ್ನೇ ರದ್ದು ಮಾಡಿದರು. ಧರಣಿಯಿಂದ ಒಂದು ಅನುಕೂಲ ಆದದ್ದು ಒಪ್ಪತಕ್ಕದ್ದೇ: ತಕರಾರಿಲ್ಲದ ಹೊಲವನ್ನು ಕೊಂಡವನಿಗೆ ರಿಜಿಸ್ಟ್ರಿಯೂ ಖಾತೆ ಬದಲಾವಣೆಯೂ ಮಂಡಲದಲ್ಲಿಯೇ ಒಂದೇ ದಿನ ಮುಗಿಯತೊಡಗಿದವು. ಆದರೆ ತಪ್ಪು ಬಿದ್ದವನ ಗತಿ? ತಹಶೀಲ್ದಾರರ ಕೈಯಲ್ಲಿ ತಿದ್ದುವ ಅಧಿಕಾರ ಉಳಿಯಲಿಲ್ಲ, ಕಲೆಕ್ಟರರ ವರೆಗೆ ಹೋಗಬೇಕಾಯಿತು. ಪಹಣಿಯಲ್ಲಿದ್ದ ಅನುಭವದಾರನ ಕಾಲಮೂ ಹೋಯಿತು. ಕಂಗಟಿಯ ಆಚೆಯ ಒಂದು ತಾಂಡಾದಿಂದ ಸಂಗಾರೆಡ್ಡಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮೇಲೆ ಅರ್ಜಿ ಬರೆಯುವವನ ಕೈಬಿಸಿ.

ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಆದ ಲೋಪ ಯಂತ್ರದ್ದಲ್ಲ. ಊರಿನಲ್ಲಿ ಪುಸ್ತಕ ಬಲ್ಲವನೊಬ್ಬ ಇರಬೇಕೆಂಬುದನ್ನೂ, ವರ್ಷಕ್ಕೊಮ್ಮೆ ಹೊಲವನ್ನು ಪುಸ್ತಕದೊಡನೆ ಹೋಲಿಸಬೇಕೆಂಬುದನ್ನೂ ಒಟ್ಟಿಗೆ ಬಿಟ್ಟುಬಿಟ್ಟರು. ಪಟವಾರಿಯ ಕೆಟ್ಟದ್ದನ್ನು ಕಳೆಯಹೋಗಿ ಪಟವಾರಿಯ ತನಿಖೆಯನ್ನೂ ಕಳೆದುಕೊಂಡೆವು.

2025ರ ಏಪ್ರಿಲ್ 14ರಿಂದ 'ಭೂಭಾರತಿ' ಕಾನೂನು ಜಾರಿಗೆ ಬಂದಿದೆ. ತಹಶೀಲ್ದಾರರಿಗೂ ಆರ್. ಡಿ. ಓ. ಅವರಿಗೂ ತಿದ್ದುಪಡಿಯ ಅಧಿಕಾರ ಮರಳಿ ಬಂದಿದೆ, ಅವರ ಹುಕುಮಿನ ಮೇಲೆ ಅಪೀಲಿಗೆ ಅವಕಾಶವಿದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆ ರೆವೆನ್ಯೂ ಡಿವಿಜನ್ ಕಛೇರಿ ಇರುವುದರಿಂದ ದಾರಿ ಕಡಿಮೆಯಾಯಿತು. ಮಾರಾಟದ ಕಾಲಕ್ಕೆ ಅಳತೆಯ ನಕ್ಷೆ ಲಗತ್ತಿಸುವ ವಿಧಿಯೂ, ಪ್ರತಿ ಭೂಮಿಗೆ 'ಭೂಧಾರ್' ನಂಬರು ಕೊಡುವ ವಿಧಿಯೂ ಅದರಲ್ಲಿವೆ. ಅದೇ ವರ್ಷ ಗ್ರಾಮಗಳಿಗೆ ಗ್ರಾಮ ಪಾಲನಾಧಿಕಾರಿಗಳನ್ನು ನೇಮಿಸಲಾಯಿತು. ಸಾದಾ ಬೈನಾಮೆಯ ಮೇಲೆ, ಅಂದರೆ ಬಿಳಿ ಕಾಗದದ ಮೇಲೆ ಹೊಲ ಕೊಂಡು 2014ರ ಜೂನ್ 2ಕ್ಕೆ ಮುಂಚಿನಿಂದ ಕಬ್ಜೆಯಲ್ಲಿದ್ದು, 2020ರ ಅಕ್ಟೋಬರ್-ನವೆಂಬರಿನಲ್ಲಿ ಅರ್ಜಿ ಹಾಕಿದವರ ವಿಚಾರವನ್ನು ಎತ್ತಿಕೊಳ್ಳಲೂ ಹೊಸ ಕಾನೂನಿನಲ್ಲಿ ಎಡೆಯಿದೆ. ಅಂಥ ಅರ್ಜಿಯ ರಸೀದಿ ಯಾರ ಹತ್ತಿರವಾದರೂ ಇದ್ದರೆ ಅದನ್ನು ಚಿನ್ನದಂತೆ ಕಾಯ್ದಿರಿಸಿಕೊಳ್ಳಿರಿ.

ಲೆಕ್ಕ ಕೂಡದ ಹಿಸ್ಸೆಗಳು

ಯಂತ್ರವು ರೈತನನ್ನು ಹೇಗೆ ತಡೆದು ನಿಲ್ಲಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಒಂದು ಸರ್ವೇ ನಂಬರಿನ ಮೂಲ ವಿಸ್ತೀರ್ಣ 12 ಎಕರೆ 20 ಗುಂಟೆ ಎಂದಿಟ್ಟುಕೊಳ್ಳೋಣ. ಅಣ್ಣ-ತಮ್ಮಂದಿರು ಹಂಚಿಕೊಂಡರು. ಹಿರಿಯವನ ಪಾಲು 4 ಎಕರೆ 10 ಗುಂಟೆ, ನಡುವಿನವನದು 4 ಎಕರೆ 10 ಗುಂಟೆ, ಕಿರಿಯವನದು 4 ಎಕರೆ 25 ಗುಂಟೆ ಎಂದು ಹಳೆಯ ಪಟವಾರಿ ಬರೆದ. ಕೂಡಿಸಿ ನೋಡಿದರೆ 13 ಎಕರೆ 5 ಗುಂಟೆ! ಇಲ್ಲದ 25 ಗುಂಟೆ ಕಾಗದದ ಮೇಲೆ ಹುಟ್ಟಿತು. ಕೈಬರಹದ ಕಾಲದಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಮೂವರೂ ಉಳುತ್ತ, ಸಾಲ ಪಡೆಯುತ್ತ ನಡೆದರು. ಕಂಪ್ಯೂಟರು ಕೂಡಿಸಿ ನೋಡಿ ಮೂಲ ರಿಜಿಸ್ಟರಿಗೂ ಇದಕ್ಕೂ ತಾಳೆಯಿಲ್ಲವೆಂದು ಮೂವರ ಪಾಸುಬುಕ್ಕನ್ನೂ ತಡೆಯಿತು. ತಪ್ಪು ಮಾಡಿದವನು ಸತ್ತು ಮೂವತ್ತು ವರ್ಷ, ಅಲೆಯುವವರು ಮೊಮ್ಮಕ್ಕಳು.

ಇದಕ್ಕೆ ಮದ್ದು ಮೇಜಿನ ಮೇಲೆ ಇಲ್ಲ. ಸರ್ವೇಯರನು ಹೋಗಿ ಮೂರು ಹಿಸ್ಸೆಗಳನ್ನೂ ಅಳೆದು, ಮೂವರ ಸಹಿ ಪಡೆದು, ಇದ್ದದ್ದನ್ನು ಇದ್ದಂತೆ ಬರೆಯಬೇಕು. ಅಣ್ಣ-ತಮ್ಮಂದಿರು ಒಂದು ದಿನ ಮನಸ್ತಾಪ ಬಿಟ್ಟು ಬದುವಿನ ಮೇಲೆ ಒಟ್ಟಿಗೆ ನಿಲ್ಲಬೇಕು. ಎರಡನೆಯದು ಮೊದಲಿನದಕ್ಕಿಂತ ಕಷ್ಟವೆಂದು ಬಲ್ಲೆವು.

ಹೆಸರಿನ ತೊಡಕು ಇನ್ನೊಂದು. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವನು ಊಹಿಸಿಕೊಳ್ಳಬೇಕು. ಕನ್ನಡದ ಹೆಸರು ತಿಳಿಯದವನು ಅದನ್ನು ತೆಲುಗಿಗೆ ಇಳಿಸುವಾಗ ಶರಣಪ್ಪನು ಶರ್ನಪ್ಪನಾಗಬಹುದು, ಅಪ್ಪ ಹೋಗಿ ಅಯ್ಯ ಬರಬಹುದು, ಅವ್ವ ಹೋಗಿ ಅಮ್ಮ ಬರಬಹುದು. ತೆಲುಗರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ನಮ್ಮಲ್ಲಿ ಹಲವರು ಕೊನೆಗೆ ಹೇಳುತ್ತಾರೆ, ಕೆಲವರು ಹೇಳುವುದೇ ಇಲ್ಲ. ಆಧಾರ್ ಚೀಟಿಯಲ್ಲೊಂದು, ಪಾಸುಬುಕ್ಕಿನಲ್ಲೊಂದು, ಬ್ಯಾಂಕಿನಲ್ಲೊಂದು ಆದಾಗ ಒಬ್ಬನೇ ಮನುಷ್ಯ ಮೂವರಾಗಿ ನಿಲ್ಲುತ್ತಾನೆ. ಹೆಣ್ಣುಮಕ್ಕಳ ಪಾಡು ಇನ್ನೂ ಹೆಚ್ಚು. ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು.

ಊರೊಳಗಿನ ಮನೆ

ಹೊಲದ ಮಾತು ಇಷ್ಟಾಯಿತು. ಮನೆಯ ಮಾತನ್ನು ನಮ್ಮವರು ಇನ್ನೂ ಹಗುರವಾಗಿ ಎಣಿಸುತ್ತಾರೆ. ಗಾವಠಾಣದ ಒಳಗಿನ, ತೆಲುಗಿನಲ್ಲಿ ಗ್ರಾಮಕಂಠಂ ಎನ್ನುವ ಜಾಗದ ಮನೆಗಳಿಗೆ ಪಹಣಿಯಿಲ್ಲ. ಅಜ್ಜ ಕಟ್ಟಿದ, ಅಪ್ಪ ಬಾಳಿದ, ನಾವು ಇದ್ದೇವೆ, ಇಷ್ಟೇ ಆಧಾರ. ಅಂಥ ಮನೆಗೆ ಸರಕಾರದ ಪುಸ್ತಕದಲ್ಲಿ ಇರುವ ಒಂದೇ ಗುರುತು ಪಂಚಾಯಿತಿಯ ಮನೆಪಟ್ಟಿ. ಮನೆಪಟ್ಟಿಯ ರಸೀದಿಯು ಮಾಲಕಿಯ ಹಕ್ಕುಪತ್ರವಲ್ಲ, ಇದನ್ನು ಚೆನ್ನಾಗಿ ತಿಳಿದಿರಬೇಕು; ಪಹಣಿಯೂ ತಾನೊಂದೇ ಹಕ್ಕನ್ನು ಹುಟ್ಟಿಸದೆಂದು ನ್ಯಾಯಾಲಯಗಳು ಅನೇಕ ಸಲ ಹೇಳಿವೆ. ಆದರೂ ವರ್ಷವರ್ಷದ ರಸೀದಿಗಳ ಕಟ್ಟು ಒಂದು ಕಡೆ, ಬರಿಗೈ ಒಂದು ಕಡೆ ಆದಾಗ ಯಾವುದರ ತೂಕ ಹೆಚ್ಚೆಂದು ಹೇಳಬೇಕಾಗಿಲ್ಲ.

ಈ ಪಟ್ಟಿ ಕಟ್ಟುವುದು ಹೇಗೆ? ಪಂಚಾಯಿತಿ ಕಾನೂನಿನಂತೆ ಮನೆಯ ವಾರ್ಷಿಕ ಬಾಡಿಗೆಯ ಬೆಲೆಯ ಮೇಲಾಗಲಿ, ಜಾಗ ಮತ್ತು ಕಟ್ಟಡದ ಬಂಡವಾಳ ಬೆಲೆಯ ಮೇಲಾಗಲಿ ಆಕರಿಸಬಹುದು. ಪಂಚಾಯಿತಿ ಕಾರ್ಯದರ್ಶಿಯು ಮನೆಯ ಉದ್ದ-ಅಗಲ, ಗೋಡೆ, ಮಾಳಿಗೆ, ಎಷ್ಟು ವರ್ಷದ ಕಟ್ಟಡ, ವಾಸಕ್ಕೋ ಅಂಗಡಿಗೋ ಎಂಬುದನ್ನು ಬರೆದು ಬೆಲೆ ಹಾಕುತ್ತಾನೆ. ಹಳೆಯ ಕಟ್ಟಡಕ್ಕೆ ಸವಕಳಿ ಕಳೆಯುತ್ತಾರೆ. ಮಣ್ಣಿನ ಮಾಳಿಗೆ, ತಗಡು, ಸಿಮೆಂಟಿನ ಸ್ಲ್ಯಾಬು ಇವಕ್ಕೆ ಬೇರೆಬೇರೆ ದರ. ತಾಂಡೂರಿನ ಕಡೆ ಬಡವನ ಮನೆಗೂ ಬಂಡೆಯ ಹಾಸು, ಕೆಲವೆಡೆ ಚಾವಣಿಯೂ ಬಂಡೆಯದೇ, ಏಕೆಂದರೆ ಅಲ್ಲಿ ಕಲ್ಲು ಮಣ್ಣಿನಷ್ಟೇ ಅಗ್ಗ. ಹೈದರಾಬಾದಿನಲ್ಲಿ ಅದೇ ಕಲ್ಲಿನ ಹಾಸು ಶ್ರೀಮಂತಿಕೆಯ ಲಕ್ಷಣ! ಮೇಜಿನ ಮುಂದೆ ಕುಳಿತು ಬೆಲೆ ಹಾಕುವವನಿಗೆ ಈ ಭೇದ ಹೊಳೆಯುವುದಿಲ್ಲ. ಬೀದಿಯಲ್ಲಿ ನಡೆದವನಿಗೆ ಹೊಳೆಯುತ್ತದೆ.

2020ರ ಶರತ್ಕಾಲದಲ್ಲಿ ಪಂಚಾಯಿತಿ ಕಾರ್ಯದರ್ಶಿಗಳು ಫೋನು ಹಿಡಿದು ಮನೆಮನೆ ತಿರುಗಿ ಅಳತೆ ಬರೆದುಕೊಂಡದ್ದು ಓದುಗರಿಗೆ ನೆನಪಿರಬಹುದು. ಕೃಷಿಯೇತರ ಆಸ್ತಿಗಳನ್ನೂ ಧರಣಿಗೆ ಸೇರಿಸುವ ಕೆಲಸವದು. ಆಧಾರ್, ಜಾತಿ ಮೊದಲಾದ ಖಾಸಗಿ ವಿವರಗಳನ್ನೂ ಕೇಳಿದ್ದರಿಂದ ಮಾತು ಹೈಕೋರ್ಟಿಗೆ ಹೋಯಿತು, ನವೆಂಬರಿನಲ್ಲಿ ತಡೆ ಬಂತು. ಮನೆಗಳನ್ನು ಅಳೆದದ್ದು ಒಳ್ಳೆಯ ಕೆಲಸವೇ; ಅಳೆಯಲು ಬಂದವನು ಜಾತಿಯನ್ನೇಕೆ ಕೇಳಬೇಕು? ಕರದ ಕಛೇರಿಯು ಕರಕ್ಕೆ ಬೇಕಾದಷ್ಟನ್ನೇ ಕೇಳಿದರೆ ಜನರು ಬಾಗಿಲು ತೆರೆಯುತ್ತಾರೆ.

ಗಡಿಯಾಚೆ 2013ರಿಂದ 'ಇ-ಸ್ವತ್ತು' ನಡೆದಿದೆ. ಪಂಚಾಯಿತಿಯ ಆಸ್ತಿಗಳಿಗೆ ನಮೂನೆ 9 ಮತ್ತು 11ನ್ನು ಕಂಪ್ಯೂಟರಿನಿಂದಲೇ ಕೊಡುತ್ತಾರೆ. ಕೈಬರಹದ ನಕಲಿ ಉತಾರ ಹುಟ್ಟಿಸುವ ಕಸುಬಿಗೆ ಅದರಿಂದ ಪೆಟ್ಟು ಬಿತ್ತು. ಬೀದರ, ಚಿಂಚೋಳಿ, ಸೇಡಂ ಕಡೆ ಹೆಣ್ಣು ಕೊಟ್ಟು ತಂದವರು ಅಲ್ಲಿಯ ಮನೆಯ ಪಾಲಿಗೆ ಆ ನಮೂನೆ ಕೇಳಬೇಕು. ಇಲ್ಲಿಯ ಮನೆಗೆ ಅದು ನಡೆಯದು.

ಪುರಸಭೆಯ ಹದ್ದಿಗೆ ಬಿದ್ದವರ ಕಟ್ಟಳೆ ಬೇರೆ. ಜಹೀರಾಬಾದ್, ತಾಂಡೂರುಗಳಂತೆ ಈಗ ನಾರಾಯಣಖೇಡವೂ ಪುರಸಭೆ. 2019ರ ಪುರಸಭಾ ಕಾನೂನು ಮನೆಯ ಅಳತೆಯನ್ನು ಒಡೆಯನೇ ಬರೆದುಕೊಡತಕ್ಕದ್ದೆಂದು ಹೇಳಿತು. 75 ಚದರ ಗಜದೊಳಗಿನ ಜಾಗದಲ್ಲಿ ನೆಲಮಹಡಿ ಮತ್ತು ಅದರ ಮೇಲೆ ಒಂದು ಅಂತಸ್ತಿನವರೆಗಿನ ವಾಸದ ಮನೆಗೆ ವರ್ಷಕ್ಕೆ 100 ರೂಪಾಯಿ ಎಂದೂ ಇಟ್ಟಿತು. ಸುಳ್ಳು ಬರೆದವನಿಗೆ ತಪ್ಪಿಸಿದ ಕರದ 25 ಪಟ್ಟು ದಂಡ. ಒಡೆಯನ ಮಾತನ್ನು ನಂಬುವ ಈ ರೀತಿ ನಮಗೆ ಹಿಡಿಸಿದೆ. ನಂಬಿ ಸುಮ್ಮನೆ ಕೂಡದೆ, ನೂರರಲ್ಲಿ ಹತ್ತು ಮನೆಗಳಿಗಾದರೂ ಟೇಪು ಹಿಡಿದು ಹೋಗಬೇಕು. ಇಲ್ಲವಾದರೆ ನಿಜ ಬರೆದವನೇ ಪೆದ್ದನಾಗುತ್ತಾನೆ.

ಕಛೇರಿಯವರಿಗೂ ಊರವರಿಗೂ

ಇಂಥ ಕಛೇರಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಅದರ ಕಟ್ಟಡವನ್ನಾಗಲಿ, ಕಂಪ್ಯೂಟರುಗಳ ಎಣಿಕೆಯನ್ನಾಗಲಿ ನೋಡಬೇಕಾಗಿಲ್ಲ. ಊರಿನ ಒಂದು ಓಣಿಯನ್ನು ಹಿಡಿದು, ಪುಸ್ತಕ ಕೈಯಲ್ಲಿಟ್ಟುಕೊಂಡು ಈ ತುದಿಯಿಂದ ಆ ತುದಿಗೆ ನಡೆಯಿರಿ. ಪುಸ್ತಕದಲ್ಲಿಲ್ಲದ ಮನೆ ಎಷ್ಟು, ಮನೆಯಿಲ್ಲದ ನಂಬರು ಎಷ್ಟು, ತಗಡಿನ ಗೂಡನ್ನು ಸ್ಲ್ಯಾಬೆಂದು ಬರೆದದ್ದೆಷ್ಟು, ಎರಡಂತಸ್ತಿನ ಮನೆಯನ್ನು ಗುಡಿಸಲೆಂದು ಬರೆದದ್ದೆಷ್ಟು, ಎಣಿಸಿರಿ. ಬಿಟ್ಟುಹೋದ ಮನೆಯ ಕರವನ್ನು ಕಟ್ಟುವವರು ಉಳಿದವರೇ. ಬೀದಿದೀಪ, ನೀರಿನ ಪಂಪು, ಚರಂಡಿಯ ಖರ್ಚು ಕಡಿಮೆಯಾಗುವುದಿಲ್ಲವಲ್ಲ.

ಈ ನಡಿಗೆಯನ್ನು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಮಾಡತಕ್ಕದ್ದು, ಹೊಲಕ್ಕೂ ಮನೆಗೂ. ಆಮೇಲೆ ಆ ಯಾದಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಓದಿದಾಗ ತಪ್ಪು ತಾನೇ ಎದ್ದು ನಿಲ್ಲುತ್ತದೆ: "ಅವ ಸತ್ತು ಐದ ವರ್ಷ ಆಯ್ತು", "ಆ ಹೊಲ ಅವ್ರದಲ್ಲ, ಅವ್ರ ಅಣ್ಣಂದು" ಎಂದು ಹೇಳುವವರು ಊರಲ್ಲಿ ಇದ್ದೇ ಇರುತ್ತಾರೆ. ಮಂಡಲದ ಯಂತ್ರಕ್ಕೆ ಇದನ್ನು ಹೇಳುವವರಿಲ್ಲ. 2024ರ ಫೆಬ್ರವರಿಯಿಂದ ವಿಶೇಷಾಧಿಕಾರಿಗಳ ಕೈಯಲ್ಲಿದ್ದ ಪಂಚಾಯಿತಿಗಳಿಗೆ 2025ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ಹೊಸ ಸರಪಂಚರು ಮೊದಲು ಕೈಹಾಕಬೇಕಾದ ಕೆಲಸಗಳಲ್ಲಿ ಇದೂ ಒಂದೆಂದು ನಮ್ಮ ಸೂಚನೆ. ಖರ್ಚು ಬೀಳುವುದು ಒಂದು ಡಂಗುರಕ್ಕೆ ಮಾತ್ರ.

ಓದುವುದು ಯಾವ ಭಾಷೆಯಲ್ಲಿ? ಕನ್ನಡ ಬಲ್ಲ ಊರಿನಲ್ಲಿ ಕನ್ನಡದಲ್ಲಿ. ಇದು ಯಾರ ಮೇಲೂ ಕತ್ತಿ ಮಸೆಯುವ ಮಾತಲ್ಲ. 1956ರಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ಭರವಸೆಗಳ ಪ್ರಕಾರ, ಒಂದು ಪ್ರದೇಶದಲ್ಲಿ ನೂರಕ್ಕೆ 15ರಷ್ಟು ಜನ ಒಂದು ಭಾಷೆಯವರಿದ್ದರೆ ಮುಖ್ಯ ಸರಕಾರಿ ನೋಟೀಸುಗಳನ್ನು ಆ ಭಾಷೆಯಲ್ಲಿಯೂ ಪ್ರಕಟಿಸತಕ್ಕದ್ದು. ಸಂವಿಧಾನದ 350ನೆಯ ಅನುಚ್ಛೇದವು ತನ್ನ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದ ಅರ್ಜಿಯನ್ನು ಕೊಡಬಹುದು; ಕೆಲಸ ಬೇಗ ಆಗಬೇಕಾದರೆ ಜೊತೆಗೆ ತೆಲುಗಿನ ಪ್ರತಿಯನ್ನೂ ಇಡುವುದು ಜಾಣತನ.

ತೆಲುಗು ಓದಲು ಬಾರದೆಂದು ಹೆದರುವವರಿಗೆ ಒಂದು ಮಾತು. ಎರಡು ಲಿಪಿಗಳೂ ಅಕ್ಕ-ತಂಗಿಯರು. ತಲೆಕಟ್ಟಿನ ಭೇದ ಕಳೆದರೆ ಅಕ್ಷರಗಳು ಬಹುತೇಕ ನಮ್ಮವೇ. ಶಾಲೆಗೆ ಹೋಗುವ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದು ವಾರ ಅಭ್ಯಾಸ ಮಾಡಿದರೆ ಪಹಣಿಯ ಮಟ್ಟಿಗೆ ಸಾಕು. ಪಟ್ಟಾದಾರು ಎಂದರೆ ಖಾತೆಯ ಒಡೆಯ, ಅನುಭವದಾರು ಎಂದರೆ ಕಬ್ಜೆಯವನು, ವಿಸ್ತೀರ್ಣಂ ಎಂದರೆ ಎಕರೆ-ಗುಂಟೆ, ಭೂಮಿ ಸ್ವಭಾವಂ ಎಂದರೆ ಪಟ್ಟಾ ಭೂಮಿಯೋ ಸರಕಾರದ್ದೋ ಎಂಬುದು, ವಿರಾಸತ್ ಎಂದರೆ ವಾರಸಾ ಖಾತೆ, ಇಂಟಿಪನ್ನು ಎಂದರೆ ಮನೆಪಟ್ಟಿ. ಸರ್ವೇ ನಂಬರಿನ ಮುಂದೆ ಗೀಟು ಹಾಕಿ ಬರೆದ ಅ, ಆ ಮೊದಲಾದ ಅಕ್ಷರಗಳೇ ಹಿಸ್ಸೆಗಳು; ತಮ್ಮ ಹಿಸ್ಸೆಯ ಅಕ್ಷರ ತಪ್ಪಿದರೆ ತಮ್ಮನ ಹೊಲ ಅಣ್ಣನಿಗೆ ಹೋದೀತು.

ಮನೆಯಲ್ಲಿ ಹಿರಿಯರು ತೀರಿಕೊಂಡ ವರ್ಷವೇ ಮರಣ ದಾಖಲೆ ತೆಗೆದು ವಿರಾಸತ್ತಿಗೆ ಅರ್ಜಿ ಹಾಕಿರಿ. ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿರಿ, ಬಿಟ್ಟ ಹೆಸರು ಇಂದಲ್ಲ ನಾಳೆ ಕೋರ್ಟಿನ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತದೆ. ಖಾಸ್ರಾ ಮತ್ತು ಚೇಸಾಲಾ ಪಹಣಿಯ ದೃಢೀಕೃತ ನಕಲುಗಳನ್ನು ಒಮ್ಮೆ ತೆಗೆದು ಇಟ್ಟುಕೊಳ್ಳಿರಿ. ಉರ್ದು ಓದಬಲ್ಲ ಹಿರಿಯರು ಊರಿಗೊಬ್ಬರು ಇನ್ನೂ ಸಿಕ್ಕುತ್ತಾರೆ, ಅವರಿರುವಾಗಲೇ ಓದಿಸಿ, ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಯಾವ ಅರ್ಜಿಗೂ ನಂಬರಿರುವ ರಸೀದಿ ಪಡೆಯದೆ ಗಿಡಕಿ ಬಿಡಬೇಡಿರಿ. ಕರ ಹೆಚ್ಚಾಯಿತೆಂದು ತೋರಿದರೆ ಓಣಿಯ ಕಟ್ಟೆಯ ಮೇಲೆ ಬೈದು ಫಲವಿಲ್ಲ; ನೋಟೀಸಿನಲ್ಲಿ ಹೇಳಿದ ಅವಧಿಯೊಳಗೆ, ಮನೆಯ ಉದ್ದ-ಅಗಲ ಬರೆದು, ಸ್ಥಳ ತನಿಖೆ ಮಾಡಿರೆಂದು ಲಿಖಿತವಾಗಿ ಕೇಳಬೇಕು.

ಪುರಸಭೆಯೊಳಗಿನ ಓದುಗರಿಗಾಗಿ ಒಂದು ಸೇರಿಕೆ: ಇಡೀ ವರ್ಷದ ಆಸ್ತಿಕರವನ್ನು ಏಪ್ರಿಲ್ ತಿಂಗಳಲ್ಲಿಯೇ ಕಟ್ಟಿದವರಿಗೆ ತೆಲಂಗಾಣ ಸರಕಾರವು ಹಲವು ವರ್ಷಗಳಿಂದ ನೂರಕ್ಕೆ 5ರಂತೆ ರಿಯಾಯತಿ ಕೊಡುತ್ತ ಬಂದಿದೆ. ಹಳೆಯ ಬಾಕಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹಣ ಕಟ್ಟುವ ಮುಂಚೆ ರಸೀದಿಯಲ್ಲಿ ಮನೆ ನಂಬರು ತಮ್ಮದೇ ಇದೆಯೋ ಎಂದು ನೋಡಿಕೊಳ್ಳಿರಿ.